ಕೋಳಿಗೂಡಿನ ಮಾಡು

ಹಿತ್ತಿಲಲ್ಲಿ ನಾಲ್ಕಾರು ಕೋಳಿಗಳನ್ನು ಸಾಕುವುದು ನಮ್ಮ ಹಳ್ಳಿಗಳಲ್ಲಿ ಹಳೆಯ ರೂಢಿ. ಅನೇಕ ಬಡ ಕುಟುಂಬಗಳಲ್ಲಿ ಗೃಹಿಣಿಯ ಕೈಖರ್ಚಿಗೆ ಮೊಟ್ಟೆಯೇ ಆಧಾರ. ಮಕ್ಕಳ ಪುಸ್ತಕಕ್ಕೋ ಔಷಧಕ್ಕೋ ಬೇಕಾದ ಹಣ ಅದರಿಂದ ಹುಟ್ಟುವುದುಂಟು. ಇಂಥ ಆಸ್ತಿಯನ್ನು ಕಾಯುವ ಗೂಡನ್ನು ಕಟ್ಟುವಾಗ, ಗೋಡೆಗೂ ಬಾಗಿಲಿಗೂ ತೋರುವ ಎಚ್ಚರವನ್ನು ಜನರು ಮಾಡಿಗೆ ತೋರುವುದು ಕಡಮೆ. ಮನೆಯ ಮೂಲೆಯಲ್ಲಿ ಬಿದ್ದ ಯಾವುದೋ ತಗಡನ್ನು ಹೊದಿಸಿ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಆದರೆ ಬೇಸಗೆಯಲ್ಲಿ ಹಕ್ಕಿಯ ಅಳಿವು ಉಳಿವು ಬಹುಮಟ್ಟಿಗೆ ಆ ಮಾಡನ್ನೇ ಅವಲಂಬಿಸಿರುತ್ತದೆ.

ಇದಕ್ಕೆ ಕಾರಣ ಕೋಳಿಯ ದೇಹರಚನೆಯಲ್ಲಿದೆ. ಮನುಷ್ಯನ ಮೈಯ ಉಷ್ಣತೆ 37 ಡಿಗ್ರಿ ಸೆಲ್ಸಿಯಸ್. ಕೋಳಿಯದು ಸುಮಾರು 41. ನಮಗೆ ಬೆವರು ಹರಿದು ಮೈ ತಣಿಯುತ್ತದೆ. ಕೋಳಿಗಾದರೋ ಬೆವರಿನ ಗ್ರಂಥಿಗಳಿಲ್ಲ. ಮೇಲಾಗಿ ಗರಿಗಳ ಹೊದಿಕೆ ಬೇರೆ. ಸೆಕೆ ಹೆಚ್ಚಿದಾಗ ಅದು ಕೊಕ್ಕು ತೆರೆದು ಏದುಸಿರು ಬಿಡುತ್ತ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ನಿಲ್ಲುತ್ತದೆ. ಕಾಳು ತಿನ್ನುವುದು ಕಡಮೆಯಾಗುತ್ತದೆ. ಮೊಟ್ಟೆಗಳ ಸಂಖ್ಯೆ ಇಳಿದು, ಚಿಪ್ಪು ತೆಳುವಾಗುತ್ತದೆ. ಸೆಕೆ ಇನ್ನೂ ಏರಿದರೆ ಒಂದೇ ಮಧ್ಯಾಹ್ನದಲ್ಲಿ ಗೂಡು ಬರಿದಾಗಬಹುದು.

ಮಾಡಿನ ಸಾಮಗ್ರಿಗಳಲ್ಲಿ ಮೊದಲನೆಯದು ಹುಲ್ಲು ಅಥವಾ ತೆಂಗಿನ ಗರಿ. ಎಳೆಗಳ ನಡುವೆ ನಿಂತ ಗಾಳಿಯು ಬಿಸಿಲಿನ ಕಾವನ್ನು ಕೆಳಗಿಳಿಯಗೊಡದು. ಖರ್ಚೂ ಅಲ್ಪ. ಆದರೆ ಅದು ಒಂದೆರಡು ವರ್ಷಗಳಲ್ಲಿ ಕೊಳೆಯುತ್ತದೆ, ಬೆಂಕಿಗೆ ಬೇಗ ತುತ್ತಾಗುತ್ತದೆ, ಇಲಿಗಳಿಗೂ ರಕ್ತ ಹೀರುವ ಉಣ್ಣಿಗಳಿಗೂ ಆಶ್ರಯವಾಗುತ್ತದೆ.

ಎರಡನೆಯದು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಸ್ಥಾಪಿಸಿದ ಮೇಲೆ ಮಂಗಳೂರು ಹೆಂಚು ದೇಶವಿದೇಶಗಳಲ್ಲಿ ಹೆಸರಾಯಿತು. ಸುಟ್ಟ ಮಣ್ಣು ತಗಡಿನಂತೆ ಬೇಗ ಕಾಯುವುದಿಲ್ಲ. ಹೆಂಚುಗಳ ಸಂದಿನಿಂದ ಬಿಸಿಗಾಳಿ ಮೇಲಕ್ಕೆ ಹೊರಟುಹೋಗುತ್ತದೆ. ಒಂದು ಒಡೆದರೆ ಅದೊಂದನ್ನೇ ಬದಲಿಸಬಹುದು. ಆದರೆ ಪ್ರತಿಯೊಂದೂ 2ರಿಂದ 3 ಕಿಲೋಗ್ರಾಂ ತೂಗುವುದರಿಂದ ಬಲವಾದ ತೊಲೆ ರೀಪುಗಳು ಬೇಕು. ಕಾಡುಬೆಕ್ಕು ಹೆಂಚು ಸರಿಸಿ ಒಳಗಿಳಿಯದಂತೆ ಕೆಳಗೆ ತಂತಿಬಲೆಯನ್ನೂ ಬಿಗಿಯಬೇಕು.

ಮೂರನೆಯದು ಸತುವಿನ ಲೇಪವುಳ್ಳ ಕಬ್ಬಿಣದ ತಗಡು. ಇದು ಹಗುರ, ಮಳೆಯನ್ನೂ ಕಳ್ಳಪ್ರಾಣಿಗಳನ್ನೂ ಚೆನ್ನಾಗಿ ತಡೆಯುತ್ತದೆ. ದೋಷವೆಂದರೆ, ಬಿಸಿಲಿಗೆ ಬೇಗನೆ ಕಾದು ಆ ಕಾವನ್ನು ಕೆಳಗಿರುವ ಹಕ್ಕಿಗಳ ಮೇಲೆ ಚೆಲ್ಲುತ್ತದೆ. ತಗಡನ್ನೇ ಬಳಸಬೇಕಾದವರು ಅದನ್ನು ಎತ್ತರದಲ್ಲಿ ಹೊದಿಸಿ, ಮೇಲೆ ಸುಣ್ಣ ಬಳಿದು, ಬೇಸಗೆಯಲ್ಲಿ ತೆಂಗಿನ ಗರಿಗಳನ್ನು ಹಾಸುವುದು ಲೇಸು. ಸುಲಭವಾಗಿ ಸಿಗುವುದೆಂದು ಹಳೆಯ ಕಲ್ನಾರಿನ ಹಾಳೆಗಳನ್ನು ತರುವುದು ಮಾತ್ರ ಸಲ್ಲದು. ಅವನ್ನು ಕೊಯ್ದಾಗ, ಒಡೆದಾಗ ಹಾರುವ ಸೂಕ್ಷ್ಮ ಎಳೆಗಳು ಉಸಿರಿನೊಡನೆ ಒಳಸೇರಿ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತವೆ.

ಹಾಗಾದರೆ ಇವುಗಳಲ್ಲಿ ಯಾವುದು ಉತ್ತಮ? ಅದನ್ನು ಆಯಾ ಊರಿನ ಹವೆಯೇ ಹೇಳಬೇಕು. ರಾಯಚೂರು, ಕಲಬುರಗಿಗಳಲ್ಲಿ ಬೇಸಗೆಯ ಉಷ್ಣತೆ 40 ಡಿಗ್ರಿ ದಾಟುತ್ತದೆ. ಅಲ್ಲಿ ಬರಿಯ ತಗಡು ಹಕ್ಕಿಗೆ ಮಾರಕ. ಹುಲ್ಲಾಗಲಿ ಹೆಂಚಾಗಲಿ ಅಲ್ಲಿಗೆ ತಕ್ಕುದು. ಕರಾವಳಿ ಮಲೆನಾಡುಗಳಲ್ಲಿ ಮಳೆಯದೇ ಚಿಂತೆ. ಎರಚಲು ನುಗ್ಗಿ ನೆಲದ ಹಾಸು ಒದ್ದೆಯಾದರೆ ಅಮೋನಿಯದ ದುರ್ವಾಸನೆ ಏಳುತ್ತದೆ. ಮರಿಗಳಿಗೆ ರಕ್ತಭೇದಿ ತಗಲುತ್ತದೆ. ಆದುದರಿಂದ ಅಲ್ಲಿ ಕಡಿದಾದ ಇಳಿಜಾರಿನ ಹೆಂಚಿನ ಮಾಡು ಮೇಲು. ಸೂರು ಗೋಡೆಯಿಂದ 2 ಅಡಿಯಾದರೂ ಮುಂಚಾಚಿರಬೇಕು. ಎಲ್ಲ ಕಡೆಯೂ ಗೂಡಿನ ಉದ್ದವು ಪೂರ್ವಪಶ್ಚಿಮವಾಗಿದ್ದರೆ ಬಿಸಿಲು ಒಳನುಗ್ಗುವುದು ಕಡಮೆ.

ಮಾಡನ್ನು ಪರೀಕ್ಷಿಸಲು ಸುಲಭವಾದ ಉಪಾಯವೊಂದುಂಟು. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಗೂಡಿನೊಳಗೆ ತಲೆ ಚಾಚಿ ಸ್ವಲ್ಪ ಹೊತ್ತು ನಿಂತು ನೋಡಿರಿ. ಬೆವರುವ ನಮಗೇ ಅಲ್ಲಿ ಇರಲಾಗದಿದ್ದರೆ, ಬೆವರಲಾರದ ಹಕ್ಕಿ ಹೇಗೆ ಬದುಕೀತು? ಬಾಗಿಲು ಹಾಕಿದ ಗೂಡಿನಿಂದ ನೆರಳನ್ನು ಹುಡುಕಿಕೊಂಡು ಹೋಗುವ ಸ್ವಾತಂತ್ರ್ಯ ಅದಕ್ಕಿಲ್ಲ. ಆ ಸ್ವಾತಂತ್ರ್ಯವನ್ನು ಕಸಿದುಕೊಂಡವರು ನೆರಳನ್ನು ಒದಗಿಸುವ ಹೊಣೆಯನ್ನೂ ಹೊರಬೇಕು.

ಪದಗಳ ಅರ್ಥ
ಮಾಡು – ಚಾವಣಿ. ಸೂರು – ಮಾಡಿನ ಹೊರಚಾಚಿದ ಅಂಚು. ಎರಚಲು – ಗಾಳಿಗೆ ಒಳಬರುವ ಮಳೆಹನಿ. ಕಲ್ನಾರು – ನಾರಿನಂಥ ಎಳೆಗಳುಳ್ಳ ಒಂದು ಖನಿಜ.

ಅಭ್ಯಾಸ
1. ಕೋಳಿಯು ಸೆಕೆಯನ್ನು ತಾಳಲಾರದೇಕೆ?
2. ಹೆಂಚಿನ ಗುಣದೋಷಗಳನ್ನು ತಿಳಿಸಿರಿ.
3. ನಿಮ್ಮ ಊರಿನ ಹವೆಗೆ ಯಾವ ಮಾಡು ತಕ್ಕುದು? ಕಾರಣಸಹಿತ ಬರೆಯಿರಿ.