ರೆಕಾರ್ಡ್ ಪುಸ್ತಕ ಮುಂದಿಟ್ಟುಕೊಂಡು ಕುಳಿತವರಿಗೆ

ನೀವು ಈಗಷ್ಟೇ ಪದವಿ ತರಗತಿಗೆ ಸೇರಿದ್ದೀರಿ ಎಂದುಕೊಳ್ಳೋಣ. ಪಾಠ ಅರ್ಥವಾಗುತ್ತದೆ, ವಿಷಯದಲ್ಲಿ ಆಸಕ್ತಿಯೂ ಇದೆ. ಆದರೂ ನಾಳೆ ಒಪ್ಪಿಸಬೇಕಾದ ಲ್ಯಾಬ್ ರೆಕಾರ್ಡ್ ಹಾಗೇ ಉಳಿದಿದೆ. ಪ್ರಯೋಗದ ಹೆಸರು ಬರೆದು, ಸ್ಕೇಲಿಟ್ಟು ಕೆಳಗೆ ಗೆರೆ ಎಳೆದಾಗಿದೆ. ಮುಂದಿನ ಸಾಲಿಗೆ ಕೈ ಏಳುತ್ತಿಲ್ಲ. ಇದಕ್ಕೆ ಸೋಮಾರಿತನ ಎಂಬ ಹೆಸರನ್ನು ಬೇರೆಯವರು ಕೊಡುವ ಮೊದಲೇ ನೀವೇ ಕೊಟ್ಟುಕೊಂಡಿರುತ್ತೀರಿ. ಬೇರೊಂದು ಕಾರಣವೂ ಇರಬಹುದು. ಅದನ್ನು ಬುಡದಿಂದ ನೋಡೋಣ.

ಗಮನ ಕೊಡುವುದು, ಓದುವುದು, ಸದ್ದು ಸಹಿಸುವುದು, ಎದುರಿನವರ ಮುಖಭಾವ ಅರಿಯುವುದು ಇವೆಲ್ಲ ಮಿದುಳಿನ ಕೆಲಸ. ಎಲ್ಲರ ಮಿದುಳೂ ಇವನ್ನು ಒಂದೇ ರೀತಿ ಮಾಡುವುದಿಲ್ಲ. ಈ ಸಹಜ ವ್ಯತ್ಯಾಸಕ್ಕೆ ನರವೈವಿಧ್ಯ ಎನ್ನುತ್ತಾರೆ. ಬಹುಜನರ ರೀತಿಗಿಂತ ಎದ್ದು ಕಾಣುವಷ್ಟು ಬೇರೆಯಾಗಿ ಕೆಲಸ ಮಾಡುವ ಮಿದುಳಿನವರನ್ನು ನ್ಯೂರೋಡೈವರ್ಜೆಂಟ್ ಎಂದು ಕರೆಯುತ್ತಾರೆ. 1990ರ ದಶಕದಲ್ಲಿ ಆಟಿಸಂ ಇರುವವರ ನಡುವೆಯೇ ಬೆಳೆದ ವಿಚಾರ ಇದು. ಆಸ್ಟ್ರೇಲಿಯಾದ ಸಮಾಜಶಾಸ್ತ್ರಜ್ಞೆ ಜೂಡಿ ಸಿಂಗರ್ 1998ರಲ್ಲಿ ಬರೆದ ಪ್ರಬಂಧ ಇದರ ಆರಂಭದ ಬರಹಗಳಲ್ಲೊಂದು.

ನಿಮ್ಮ ರೆಕಾರ್ಡಿನ ಕಷ್ಟಕ್ಕೆ ಹತ್ತಿರವಾದದ್ದು, ಗಮನದ ಹತೋಟಿಗೆ ಸಂಬಂಧಿಸಿದ ಎಡಿಎಚ್‌ಡಿ. ಇದಿರುವವರಿಗೆ ಗಮನವೇ ಇಲ್ಲ ಎಂದು ತಿಳಿಯಬೇಡಿ. ಇಷ್ಟದ ವಿಷಯ ಸಿಕ್ಕರೆ ಊಟ ಮರೆತು ಕೂರಬಲ್ಲರು. ಆ ಗಮನವನ್ನು ಬೇಕೆಂದ ಹೊತ್ತಿಗೆ, ಬೇಕೆಂದ ಕಡೆಗೆ ತಿರುಗಿಸುವುದು ಅವರಿಗೆ ಕಷ್ಟ. ಕೆಲಸ ಶುರುಮಾಡುವುದು, ಅದನ್ನು ಹಂತಗಳಾಗಿ ಒಡೆಯುವುದು, ಸಮಯದ ಅಂದಾಜು ಇಟ್ಟುಕೊಳ್ಳುವುದು ಇವಕ್ಕೆಲ್ಲ ಸೇರಿ ಮನೋವಿಜ್ಞಾನದಲ್ಲಿ ಕಾರ್ಯನಿರ್ವಾಹಕ ಸಾಮರ್ಥ್ಯ ಎಂಬ ಹೆಸರಿದೆ. ತೊಡಕಿರುವುದು ಅಲ್ಲಿ.

ಹಾಗಾದರೆ ಪಿಯುಸಿವರೆಗೆ ಇದು ಏಕೆ ಗೊತ್ತಾಗಲಿಲ್ಲ? ಮನೆಯಲ್ಲಿ ಅಮ್ಮ ಎಬ್ಬಿಸುತ್ತಿದ್ದರು, ಟ್ಯೂಷನ್ ಮೇಷ್ಟ್ರು ಎದುರೇ ಕೂರಿಸಿ ಬರೆಸುತ್ತಿದ್ದರು. ನಿಮ್ಮ ದಿನವನ್ನು ಬೇರೆಯವರು ಕಟ್ಟಿಕೊಡುತ್ತಿದ್ದರು. ಹಾಸ್ಟೆಲಿಗೋ ಪಿ.ಜಿ.ಗೋ ಬಂದ ಮೇಲೆ ಅದೆಲ್ಲ ಒಟ್ಟಿಗೇ ನಿಂತುಹೋಗುತ್ತದೆ. ಇಂಟರ್ನಲ್ಸ್, ಅಸೈನ್‌ಮೆಂಟ್, ಹಾಜರಾತಿ ಎಲ್ಲದರ ಲೆಕ್ಕ ನಿಮ್ಮದೇ. ಆದರೆ ಈ ತೊಡಕು ಕಾಲೇಜಿನಲ್ಲಿ ಹುಟ್ಟಿದ್ದಲ್ಲ. ತಜ್ಞರು ಬಳಸುವ ಡಿಎಸ್ಎಂ-5 ಎಂಬ ಕೈಪಿಡಿಯ ಪ್ರಕಾರ ಕೆಲವು ಲಕ್ಷಣಗಳಾದರೂ 12 ವರ್ಷಕ್ಕೆ ಮೊದಲೇ ಇದ್ದಿರಬೇಕು. ಹಳೆಯ ಅಂಕಪಟ್ಟಿಗಳನ್ನು ತೆಗೆದು ನೋಡಿ. 'ಬುದ್ಧಿ ಇದೆ, ಗಮನ ಸಾಲದು' ಎಂದು ಯಾರಾದರೂ ಬರೆದಿದ್ದಾರೆಯೇ? ತರಗತಿಯಲ್ಲಿ ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತ ಕುಳಿತ ಹುಡುಗಿಯರು ಬಹಳ ಸಲ ಯಾರ ಕಣ್ಣಿಗೂ ಬೀಳುವುದಿಲ್ಲ.

ಡಿಸ್ಲೆಕ್ಸಿಯಾ ಎಂಬ ಓದಿನ ತೊಡಕು ಕನ್ನಡ ಮಾಧ್ಯಮದಿಂದ ಬಂದವರಲ್ಲಿ ಇನ್ನೊಂದು ರೀತಿ ಮರೆಯಾಗಿರುತ್ತದೆ. ಕನ್ನಡದಲ್ಲಿ ಬರೆದದ್ದಕ್ಕೂ ಉಚ್ಚರಿಸುವುದಕ್ಕೂ ಬಹುಮಟ್ಟಿಗೆ ಹೊಂದಿಕೆಯಿದೆ. ಆದ್ದರಿಂದ ಡಿಸ್ಲೆಕ್ಸಿಯಾ ಇರುವವರೂ ಒತ್ತಕ್ಷರಗಳಲ್ಲಿ ತಡವರಿಸುತ್ತ, ನಿಧಾನವಾಗಿಯಾದರೂ ಸರಿಯಾಗಿಯೇ ಓದಿಬಿಡಬಹುದು. ಇಂಗ್ಲಿಷಿನಲ್ಲಿ ಆ ಅನುಕೂಲವಿಲ್ಲ. ಟಫ್, ಥ್ರೂ, ಕಾಫ್ ಈ ಮೂರೂ ಪದಗಳು ಒಂದೇ ನಾಲ್ಕು ಅಕ್ಷರಗಳಿಂದ ಕೊನೆಗೊಳ್ಳುತ್ತವೆ. ಪದವಿಯಲ್ಲಿ ಇಂಗ್ಲಿಷ್ ಪಠ್ಯ ಎದುರಾದಾಗ ಕಷ್ಟ ಬಯಲಾಗುತ್ತದೆ, 'ಹಳ್ಳಿ ಹುಡುಗ, ಇಂಗ್ಲಿಷ್ ಬರಲ್ಲ' ಎಂಬ ಒಂದೇ ಮಾತಿನಲ್ಲಿ ಮುಚ್ಚಿಯೂ ಹೋಗುತ್ತದೆ. ಅದಕ್ಕೇ ಡಿಸ್ಲೆಕ್ಸಿಯಾದ ತಪಾಸಣೆ ಎರಡೂ ಭಾಷೆಗಳಲ್ಲಿ ನಡೆದರೆ ಒಳ್ಳೆಯದು.

ಸದ್ದು, ಬೆಳಕು, ಜನರ ಒಡನಾಟವನ್ನು ಬೇರೆ ರೀತಿ ಅನುಭವಿಸುವ ಆಟಿಸಂ ಇರುವ ಅನೇಕರು ಮೆಸ್ಸಿನ ತಟ್ಟೆ ಸದ್ದು, ಟ್ಯೂಬ್‌ಲೈಟಿನ ಮಿಣುಕು, ಎಲ್ಲರ ನಗುವಿಗೆ ತಾವೂ ನಗಬೇಕಾದ ಒತ್ತಾಯ ಇವೆಲ್ಲವನ್ನೂ ದಿನವಿಡೀ ನಿಭಾಯಿಸಿ ಸಂಜೆಗೆ ಸುಸ್ತಾಗಿರುತ್ತಾರೆ. ಹೀಗೆ ತಮ್ಮ ಸಹಜ ರೀತಿಯನ್ನು ಮರೆಮಾಚಿ ಬದುಕುವುದಕ್ಕೆ ಮಾಸ್ಕಿಂಗ್ ಎನ್ನುತ್ತಾರೆ.

ಇಷ್ಟು ಓದಿದ ಮೇಲೆ 'ಇದು ನಾನೇ' ಅನ್ನಿಸಬಹುದು. ಅಲ್ಲಿಗೇ ತೀರ್ಮಾನ ಮಾಡಬೇಡಿ. ನಿದ್ದೆಗೇಡು, ಖಿನ್ನತೆ, ಆತಂಕ, ಥೈರಾಯ್ಡ್ ತೊಂದರೆಗಳಲ್ಲೂ ಗಮನ ಚದುರುತ್ತದೆ. ಯಾವುದೆಂದು ತಿಳಿಯಲು ತಜ್ಞರನ್ನು ಕಾಣಿ. ಬೆಂಗಳೂರಿನಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಇದೆ. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ; ಅದು ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಇನ್ನು ತನ್ನನ್ನು ತಾನು ಒಪ್ಪಿಕೊಳ್ಳುವ ಮಾತು. ಇವನ್ನೆಲ್ಲ 'ವಿಶೇಷ ಶಕ್ತಿ' ಎಂದು ಕೊಂಡಾಡುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ, ಪರೀಕ್ಷೆಯ ದಿನ ಹಾಲ್ ಟಿಕೆಟ್ ಮರೆತು ಬಂದವರ ಮುಂದೆ ಆ ಮಾತು ಆಡಲಾಗದು. ನಾನು ಹೇಳುವ ಒಪ್ಪಿಗೆ ತೀರಾ ಸರಳ: ನಿಮ್ಮ ಬಗ್ಗೆ ಸುಳ್ಳು ಲೆಕ್ಕ ಬರೆಯುವುದನ್ನು ನಿಲ್ಲಿಸಿ. ಒಬ್ಬರೇ ಕುಳಿತರೆ ರೆಕಾರ್ಡ್ ಸಾಗುವುದಿಲ್ಲ ಎಂದು ತಿಳಿದ ಮೇಲೆ 'ಇವತ್ತು ಹೇಗಾದರೂ ಬರೆಯುತ್ತೇನೆ' ಎಂದು ಕೋಣೆಯ ಬಾಗಿಲು ಹಾಕಿಕೊಳ್ಳಬೇಡಿ. ಗೆಳತಿಯ ಪಕ್ಕ ಕುಳಿತುಕೊಳ್ಳಿ. ಅವಳು ಅವಳ ಕೆಲಸ ಮಾಡಲಿ, ನೀವು ನಿಮ್ಮದು. ಉಪಕರಣಗಳ ಪಟ್ಟಿಯನ್ನಷ್ಟೇ ಮೊದಲು ಬರೆಯಿರಿ. ಪಕ್ಕದಲ್ಲಿ ಒಬ್ಬರಿದ್ದರೆ ಸಾಕು, ಅನೇಕರಿಗೆ ಕೈ ತಾನಾಗಿ ಸಾಗುತ್ತದೆ.

ಕಾನೂನಿನ ಆಸರೆಯನ್ನೂ ತಿಳಿದಿರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಸ್ಥಿತಿಗಳ ಪಟ್ಟಿಯಲ್ಲಿ ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆ, ಅಂದರೆ ಡಿಸ್ಲೆಕ್ಸಿಯಾದಂಥವು, ಸೇರಿವೆ. ಎಡಿಎಚ್‌ಡಿಯ ಹೆಸರು ಪ್ರತ್ಯೇಕವಾಗಿ ಇಲ್ಲ. ಇದು ಕಾಯ್ದೆಯ ಕೊರತೆ ಎಂದೇ ನನ್ನ ಅಭಿಪ್ರಾಯ. ಶೇ 40 ಅಥವಾ ಹೆಚ್ಚಿನ ನ್ಯೂನತೆಯ ಪ್ರಮಾಣಪತ್ರ ಇದ್ದವರಿಗೆ, ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವ ಲಿಪಿಕಾರರ ನೆರವು ಪಡೆಯಲು ಅರ್ಹರಾಗಿದ್ದರೆ, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರದ 2018ರ ಮಾರ್ಗಸೂಚಿ ಹೇಳಿತ್ತು. ಬರೆಯುವಾಗ ಕೈ ಸೆಟೆದುಕೊಳ್ಳುತ್ತಿದ್ದ ವಿಕಾಸ್ ಕುಮಾರ್ ಅವರ ಪ್ರಕರಣದಲ್ಲಿ, ಶೇ 40 ಇಲ್ಲವೆಂಬ ಒಂದೇ ಕಾರಣಕ್ಕೆ ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು.

ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು ಎಂಬುದು ನಿಮಗೆ ಬಿಟ್ಟದ್ದು. ಅಧ್ಯಾಪಕರ ಬಳಿ ರೋಗನಿರ್ಣಯದ ಹೆಸರೆತ್ತದೆಯೂ ಕೇಳಬಹುದು: 'ಮೇಡಂ, ಅಸೈನ್‌ಮೆಂಟಿನ ಕೊನೆಯ ದಿನಾಂಕವನ್ನು ಬೋರ್ಡಿನ ಮೇಲೂ ಬರೆದರೆ ನನಗೆ ಅನುಕೂಲ.' ಹೀಗೆ ಬಿಡಿಸಿ ಕೇಳಿದರೆ ಒಪ್ಪುವುದು ಅವರಿಗೂ ಸುಲಭ.

ಮನೆಯಲ್ಲಿ ಹೇಳುವುದು ಇದಕ್ಕಿಂತ ಕಷ್ಟ. ಮನೋವೈದ್ಯರ ಹೆಸರೆತ್ತಿದರೆ 'ಹುಚ್ಚಾ?' ಎಂಬ ದಿಗಿಲು ಇನ್ನೂ ಹೋಗಿಲ್ಲ. ಸಾವಧಾನವಾಗಿ, ಒಂದೊಂದೇ ಉದಾಹರಣೆ ಕೊಟ್ಟು ಹೇಳಿ. ನಾನು ಹೇಳಿದ ಮೂರು ಸ್ಥಿತಿಗಳೂ ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರುವುದುಂಟು. ಹಾಗಾಗಿ ಅಮ್ಮ ನಡುವೆಯೇ ತಡೆದು, 'ಇದರಲ್ಲೇನು ಹೊಸದು? ನಿಮ್ಮಪ್ಪನೂ ಹೀಗೇ ಅಲ್ವಾ!' ಎಂದುಬಿಡಬಹುದು. ಆ ಮಾತನ್ನು ಬರೆದಿಟ್ಟುಕೊಂಡು ತಜ್ಞರ ಬಳಿ ಹೋಗಿ. ಮನೆಯಲ್ಲಿ ಬೇರೆ ಯಾರಾದರೂ ಹೀಗಿದ್ದಾರೆಯೇ ಎಂದು ಅವರು ಹೇಗೂ ಕೇಳುತ್ತಾರೆ.