ಬೈಕಿನ ಶಾಕ್ಸ್: ತಿರುಗಿಸುವ ಮೊದಲು ಅಳೆಯಿರಿ

ಚನ್ನರಾಯಪಟ್ಟಣದ ತೆಂಗಿನ ತೋಟಗಳ ನಡುವಿನ ಕೆಮ್ಮಣ್ಣಿನ ದಾರಿ, ಅರಕಲಗೂಡಿನ ಹೊಗೆಸೊಪ್ಪು, ಶುಂಠಿ ಹೊಲಗಳಿಗೆ ಹೋಗುವ ಟ್ರ್ಯಾಕ್ಟರ್ ಜಾಡು, ಹೊಳೆನರಸೀಪುರದ ಕಡೆಯ ನಾಲೆ ಏರಿ, ಹಾಸನದ ಸುತ್ತಲಿನ ಜಲ್ಲಿ ಎದ್ದ ಹಳ್ಳಿ ರಸ್ತೆ. ಇಂಥ ಕಡೆ ಸ್ವಲ್ಪ ವೇಗ ಹೆಚ್ಚಿಸಿದರೆ ಬೈಕಿನ ಹಿಂಭಾಗ ಎತ್ತಿಹಾಕುತ್ತದೆ, ಹ್ಯಾಂಡಲ್ ಕೈಯಲ್ಲಿ ನಿಲ್ಲುವುದಿಲ್ಲ. ಆಗ ಹಲವರು ಹಿಂದಿನ ಶಾಕ್ಸನ್ನು ಕೊನೆಯ ಮೆಟ್ಟಿಲಿನವರೆಗೆ ಟೈಟ್ ಮಾಡಿಸಿಬಿಡುತ್ತಾರೆ. ಇದರಿಂದ ರೋಗ ಹೆಚ್ಚುವ ಸಂಭವವೇ ಜಾಸ್ತಿ. ಒಂದು ಸೆಂ.ಮೀ. ಕುಗ್ಗಲು 10 ಕೆ.ಜಿ. ಭಾರ ಬೇಡುವ ಸ್ಪ್ರಿಂಗ್ ಇದೆ ಎಂದುಕೊಳ್ಳಿ. ಅದನ್ನು ಮೊದಲೇ ಎರಡು ಸೆಂ.ಮೀ. ಒತ್ತಿಟ್ಟರೂ, ಮುಂದಿನ ಒಂದು ಸೆಂ.ಮೀ.ಗೆ ಅದು ಕೇಳುವುದು ಮತ್ತೆ ಅದೇ 10 ಕೆ.ಜಿ. ಅಂದರೆ ಟೈಟ್ ಮಾಡಿದಾಗ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಬೈಕಿನ ಹಿಂಭಾಗ ಎತ್ತರವಾಗುತ್ತದೆ, ಅಷ್ಟೆ. ಚಕ್ರ ಉಬ್ಬಿಗೆ ಮೇಲೇರಿದರೆ ಸಾಲದು, ಗುಂಡಿಗೆ ಕೆಳಗಿಳಿಯಲೂ ಬೇಕು. ಪೂರ್ತಿ ಟೈಟಾದ ಬೈಕಿನಲ್ಲಿ ಕೆಳಗಿಳಿಯಲು ಜಾಗವೇ ಉಳಿಯುವುದಿಲ್ಲ. ಟೈರು ನೆಲ ಬಿಡುತ್ತದೆ, ನೆಲ ಬಿಟ್ಟ ಟೈರಿಗೆ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ.

ಆದ್ದರಿಂದ ಸ್ಪ್ಯಾನರಿಗಿಂತ ಮೊದಲು ಟೇಪು ಹಿಡಿಯಿರಿ. ಬೆಳಿಗ್ಗೆ, ಟೈರು ತಣ್ಣಗಿರುವಾಗ, ಕಂಪನಿ ಹೇಳಿದಷ್ಟು ಗಾಳಿ ತುಂಬಿಸಿ. ಗಾಳಿ ಸರಿಯಿಲ್ಲದೆ ಶಾಕ್ಸ್ ಪರೀಕ್ಷೆ ವ್ಯರ್ಥ. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಹಿಂದಿನ ಚಕ್ರ ಗಾಳಿಯಲ್ಲಿರುವಾಗ ಆ್ಯಕ್ಸಲ್ ನಟ್ಟಿನಿಂದ ನೇರ ಮೇಲೆ, ಸೀಟಿನ ಕೆಳಗೆ ಒಂದು ಗುರುತು ಹಾಕಿ ಅಂತರ ಬರೆದುಕೊಳ್ಳಿ. ನಂತರ ಸ್ಟ್ಯಾಂಡಿನಿಂದ ಇಳಿಸಿ ನೀವು ಕುಳಿತುಕೊಳ್ಳಿ. ಒಬ್ಬರು ಬೈಕ್ ನೆಟ್ಟಗೆ ಹಿಡಿದಿರಲಿ, ಇನ್ನೊಬ್ಬರು ಮತ್ತೆ ಅಳೆಯಲಿ. ಎರಡರ ವ್ಯತ್ಯಾಸವೇ ನಿಮ್ಮ ತೂಕಕ್ಕೆ ಬೈಕ್ ಕುಗ್ಗಿದ ಪ್ರಮಾಣ. ಚಕ್ರದ ಮೇಲೆ-ಕೆಳಗಿನ ಒಟ್ಟು ಓಡಾಟದ ಸುಮಾರು ಶೇ 30ರಷ್ಟು ಕುಗ್ಗಿದರೆ ಸರಿ. ಹೀರೋ ಎಕ್ಸ್‌ಪಲ್ಸ್ 200ರ ಹಿಂದಿನ ಚಕ್ರದ ಓಡಾಟ 170 ಮಿ.ಮೀ.; ಅದಕ್ಕೆ ಸುಮಾರು 50 ಮಿ.ಮೀ. ಕುಗ್ಗುವಿಕೆ ಬೇಕು. ಅದಕ್ಕಿಂತ ಹೆಚ್ಚು ಕುಗ್ಗಿದರೆ ಒಂದು ಮೆಟ್ಟಿಲು ಏರಿಸಿ, ಕಡಿಮೆಯಾದರೆ ಇಳಿಸಿ. ಎರಡು ಶಾಕ್ಸ್ ಇರುವ ಬೈಕಿನಲ್ಲಿ ಎಡ, ಬಲ ಸಮ ಇರಲೇಬೇಕು. ನಾಲ್ಕು ಚಕ್ರದ ಎಟಿವಿಗೂ ಇದೇ ಲೆಕ್ಕ.

ಈಗ ಕುಣಿತ ತಡೆಯುವ, ಶಾಕ್ಸ್ ಒಳಗಿನ ಎಣ್ಣೆಯ ಸರದಿ. ಸೀಟನ್ನು ಬಲವಾಗಿ ಒತ್ತಿ ಬಿಡಿ. ಒಮ್ಮೆ ಮೇಲೆ ಬಂದು ನಿಂತರೆ ಶಾಕ್ಸ್ ಚೆನ್ನಾಗಿದೆ. ಮೂರು ನಾಲ್ಕು ಸಲ ಕುಣಿದರೆ, ರಾಡಿನ ಸುತ್ತ ಎಣ್ಣೆಗೆ ಅಂಟಿದ ಧೂಳಿನ ಉಂಗುರ ಕಂಡರೆ ಅದರ ಕಾಲ ಮುಗಿದಿದೆ. ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಶಾಕ್ಸ್ ಚೆನ್ನಾಗಿದ್ದರೂ ಮೆಟ್ಟಿಲು ಬದಲಿಸುವಾಗ ಎಚ್ಚರ ಬೇಕು: ಹಿಂಭಾಗ ಎತ್ತರವಾದಷ್ಟೂ ಹ್ಯಾಂಡಲ್ ಚುರುಕಾಗಿ, ಮರಳಿನಲ್ಲಿ ಅಲ್ಲಾಡುತ್ತದೆ. ತಗ್ಗಾದಷ್ಟೂ ಮುಂಚಕ್ರ ಹಗುರವಾಗಿ, ತಿರುವಿನಲ್ಲಿ ಬೈಕ್ ಹೊರಕ್ಕೆ ಜಾರುತ್ತದೆ. ಹಾಗಾಗಿ ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಪ್ರತಿಸಲವೂ ಅದೇ ಒಂದು ಕಿಲೋಮೀಟರ್ ದಾರಿಯಲ್ಲಿ ಓಡಿಸಿ ನೋಡಿ. ಜನ, ದನ ಓಡಾಡುವ ನಾಲೆ ಏರಿ ಈ ಪರೀಕ್ಷೆಗೆ ತಕ್ಕ ಜಾಗವಲ್ಲ.

‘ರ್‍ಯಾಲಿ ಬೈಕುಗಳ ಶಾಕ್ಸ್ ಗಟ್ಟಿಯಾಗೇ ಇರುತ್ತದಲ್ಲ’ ಎನ್ನಬಹುದು. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಡಾಕರ್ ರ್‍ಯಾಲಿ ಪೂರೈಸಿದ ಮೊದಲ ಭಾರತೀಯರಾದ ಮೇಲೆ ನಮ್ಮ ಹುಡುಗರಲ್ಲಿ ಶಾಕ್ಸ್ ಗಟ್ಟಿ ಮಾಡಿಸುವ ಆಸೆ ಬೆಳೆದಿದ್ದು ಸಹಜ. ಆದರೆ ಅಂಥ ಬೈಕಿನ ಗುಟ್ಟು ಉದ್ದನೆಯ ಓಡಾಟದಲ್ಲಿದೆ. ಎಕ್ಸ್‌ಪಲ್ಸಿನ ಪ್ರೊ ಮಾದರಿಯಲ್ಲೇ ಮುಂದೆ 250, ಹಿಂದೆ 220 ಮಿ.ಮೀ. ಓಡಾಟವಿದೆ. ಸಾಧಾರಣ ಬೈಕಿನ ಸ್ಪ್ರಿಂಗನ್ನು ಟೈಟ್ ಮಾಡಿದರೆ ಆ ಉದ್ದ ಬರುವುದಿಲ್ಲ, ಇರುವುದೂ ಕೆಲಸಕ್ಕೆ ಸಿಗುವುದಿಲ್ಲ. ‘ಡೈರಿಗೆ ಹಾಲು ಹಾಕುವವರ ಕಥೆ ಏನು’ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. 20 ಲೀಟರಿನ ಎರಡು ತುಂಬಿದ ಕ್ಯಾನ್ ಎಂದರೆ 40 ಕೆ.ಜಿ.ಗೂ ಮೇಲೆ. ಆ ಭಾರಕ್ಕೆ ಮೆಟ್ಟಿಲು ಏರಿಸಲೇಬೇಕು, ಅದೂ ಕ್ಯಾನ್ ಕಟ್ಟಿಯೇ ಅಳೆದು. ಖಾಲಿ ಬೈಕಿಗೊಂದು, ಹೊರೆಗೊಂದು ಮೆಟ್ಟಿಲಿನ ಲೆಕ್ಕ ಬರೆದು ಸೀಟಿನಡಿ ಅಂಟಿಸಿಡಿ. ಹಾಲು ಇಳಿಸಿ, ಖಾಲಿ ಬೈಕಿನಲ್ಲಿ ದೂರ ಹೊರಡುವ ಮುನ್ನ ಸ್ಪ್ರಿಂಗನ್ನು ಹಳೆಯ ಮೆಟ್ಟಿಲಿಗೆ ತನ್ನಿ. ಟೂಲ್ ಕಿಟ್‌ನಲ್ಲಿ ಬಂದ ಸ್ಪ್ಯಾನರ್ ಇದ್ದರೆ ಐದು ನಿಮಿಷದ ಕೆಲಸ.