ಕೋಟೆ ಬಿದ್ದ ಮೇಲೆ ತಪ್ಪು ಯಾರ ತಲೆಗೆ?

ಪ್ರಶ್ನೆ: ಶ್ರೀರಂಗಪಟ್ಟಣದ ಕೋಟೆ ಬಿದ್ದದ್ದು ಮೀರ್ ಸಾದಿಕನ ದ್ರೋಹದಿಂದ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಅಷ್ಟು ದೊಡ್ಡ ಕೋಟೆ, ಅಷ್ಟೊಂದು ಅಧಿಕಾರಿಗಳು. ತಪ್ಪು ಮಾತ್ರ ಒಬ್ಬನದೇ? ಉಳಿದವರು ಏನಾದರು? ಈಗಲೂ ಭದ್ರತೆ ಕೈಕೊಟ್ಟರೆ ಮಾರನೇ ದಿನವೇ ನಾಲ್ಕು ಜನ ಅಮಾನತಾಗುತ್ತಾರೆ, ಆಮೇಲೆ ಸುದ್ದಿಯೇ ಇರುವುದಿಲ್ಲ. ಇದು ಹಳೆಯ ರೂಢಿಯೇ?
(ಓದುಗರೊಬ್ಬರು, ಕಿಕ್ಕೇರಿ)

ಉತ್ತರ: ಹಳೆಯ ರೂಢಿಯೇ. ಟಿಪ್ಪು ಸುಲ್ತಾನನ ಮಂತ್ರಿ ಮೀರ್ ಸಾದಿಕ್ ತಪ್ಪಿತಸ್ಥನೇ ಅಲ್ಲ ಎನ್ನಲು ಆಧಾರವಿಲ್ಲ. ಆದರೆ ಅವನ ಮೇಲೆ ವಿಚಾರಣೆಯೂ ನಡೆಯಲಿಲ್ಲ. ಮಾತಾಡುವ ಮೊದಲೇ ಸತ್ತವನ ಮೇಲೆ ಹೊರೆ ಹಾಕುವುದು ಸುಲಭ. ಆ ಸುಲಭವೇ ಉಳಿದ ಕಾರಣಗಳನ್ನು ಮರೆಸಿಬಿಟ್ಟಿದೆ.

1799ರ ಮೇ 4ರಂದು ನಡೆದದ್ದನ್ನು ನೋಡೋಣ. ಬ್ರಿಟಿಷ್ ಜನರಲ್ ಹ್ಯಾರಿಸನ ಸೈನ್ಯ ಏಪ್ರಿಲ್ ಮೊದಲ ವಾರದಿಂದ ಕೋಟೆಯನ್ನು ಮುತ್ತಿತ್ತು. ಮಲಬಾರಿನ ಕಡೆಯಿಂದ ಬಂದ ಬೊಂಬಾಯಿ ಸೈನ್ಯ ಹೊಳೆಯ ಉತ್ತರ ದಂಡೆಯಲ್ಲಿತ್ತು. ಫಿರಂಗಿಗಳು ವಾಯವ್ಯ ಮೂಲೆಯ ಹತ್ತಿರದ ಗೋಡೆಯನ್ನು ದಿನಗಟ್ಟಲೆ ಹೊಡೆದು ಬಿರುಕು ಮಾಡಿದ್ದವು. ಬೇಸಿಗೆಯ ಕಾವೇರಿಯಲ್ಲಿ ನೀರು ಕಡಿಮೆ, ಬಂಡೆಗಳು ಹೊರಗೆ ಕಾಣುತ್ತಿದ್ದವು. ಮಳೆ ಬಂದು ಹೊಳೆ ಏರಿದರೆ ಮುತ್ತಿಗೆಯೇ ಮುಗಿಯುತ್ತಿತ್ತು, ಹ್ಯಾರಿಸನ ಕಡೆಯಲ್ಲಿ ದಿನಸಿಯೂ ತಳ ಕಂಡಿತ್ತು. ಹಾಗಾಗಿ ಅವನು ಕಾಯಲಾರ, ಕೋಟೆಯವರು ಕಾದರೆ ಗೆಲ್ಲಬಹುದು. ಇಂಥ ಹೊತ್ತಿನಲ್ಲಿ ಬಿರುಕಿನ ಬಳಿಯ ಕಾವಲು ಗಟ್ಟಿಯಾಗಿರಬೇಕಿತ್ತು.

ಮಧ್ಯಾಹ್ನ ಒಂದರ ಸುಮಾರಿಗೆ ಡೇವಿಡ್ ಬೇರ್ಡ್ ದಾಳಿ ನಡೆಸಿದ. ಪೊಳ್ಳಿಲೂರಿನ ಯುದ್ಧದಲ್ಲಿ ಬ್ರಿಟಿಷರು ಸೋತ ನಂತರ ಇದೇ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದವನು ಅವನು. ಬಿರುಕನ್ನು ಕಾಯುತ್ತಿದ್ದ ನಂಬಿಕಸ್ಥ ಸೇನಾನಿ ಸಯ್ಯದ್ ಗಫಾರ್ ಅದಕ್ಕೆ ಸ್ವಲ್ಪ ಮೊದಲೇ ಫಿರಂಗಿ ಗುಂಡಿಗೆ ಬಲಿಯಾಗಿದ್ದ. ಟಿಪ್ಪು ಊಟಕ್ಕೆ ಕುಳಿತಿದ್ದಾಗ ಆ ಸುದ್ದಿ ಬಂತು. ಕಾವಲಿಗಿದ್ದ ಸಿಪಾಯಿಗಳನ್ನು ಸಂಬಳ ಕೊಡುವ ನೆಪದಲ್ಲಿ ಮೀರ್ ಸಾದಿಕ್ ಅಲ್ಲಿಂದ ಸರಿಸಿದ ಎಂಬುದು ಜನರ ಮಾತು. ಹುಸೇನ್ ಅಲಿ ಖಾನ್ ಕಿರ್ಮಾನಿಯ ಪರ್ಷಿಯನ್ ಇತಿಹಾಸವೂ ಅವನನ್ನೇ ದೂರುತ್ತದೆ. ಆ ದಿನವೇ ಟಿಪ್ಪುವಿನ ಸಿಪಾಯಿಗಳ ಕೈಯಲ್ಲಿ ಮೀರ್ ಸಾದಿಕ್ ಸತ್ತ. ಸಂಜೆಯ ಹೊತ್ತಿಗೆ ಟಿಪ್ಪುವೂ ಇರಲಿಲ್ಲ. ದೂರು ಕೊಡುವವನೂ ಉತ್ತರ ಕೊಡಬೇಕಾದವನೂ ಒಂದೇ ದಿನ ಹೋದ ಮೇಲೆ, ಉಳಿದದ್ದು ಕತೆ ಹೇಳುವವರು ಮಾತ್ರ.

ಉಳಿದವರು ಏನಾದರು ಎಂದು ಕೇಳಿದ್ದೀರಿ. ಟಿಪ್ಪುವಿನ ಇನ್ನೊಬ್ಬ ಮಂತ್ರಿ ಪೂರ್ಣಯ್ಯ ಶರಣಾದ. ಎರಡು ತಿಂಗಳೊಳಗೆ, ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನನಾದ. 1807ರಲ್ಲಿ ಯಳಂದೂರು ಜಹಗೀರು ಸಿಕ್ಕಿತು. ಟಿಪ್ಪುವಿನ ಸೇನಾನಿ ಕಮರುದ್ದೀನ್ ಖಾನನಿಗೆ ಗುರ್ರಂಕೊಂಡದ ಜಹಗೀರು. ಇಬ್ಬರ ಮೇಲೂ ಆಗಾಗ ದ್ರೋಹದ ಮಾತು ಬಂದಿದೆ, ಆದರೆ ಮೀರ್ ಸಾದಿಕನಿಗೆ ಅಂಟಿದಂತೆ ಯಾರಿಗೂ ಅಂಟಲಿಲ್ಲ. ಪೂರ್ಣಯ್ಯನನ್ನು ದ್ರೋಹಿ ಎನ್ನಲು ಇಷ್ಟೇ ಸಾಲದು. ರಾಜ್ಯದ ಲೆಕ್ಕಪತ್ರ ಬಲ್ಲವನು ಹೊಸ ಒಡೆಯರಿಗೂ ಬೇಕಾಗಿದ್ದ. ನಾನು ಹೇಳುವುದು ಇಷ್ಟೆ: ಬದುಕಿದವರ ಹೆಸರಿಗೆ ಸಮರ್ಥನೆ ಸಿಗುತ್ತದೆ, ಸತ್ತವನ ಹೆಸರಿಗೆ ಸಿಗುವುದಿಲ್ಲ. ಟಿಪ್ಪುವಿನ ಹೊಣೆಯನ್ನೂ ಬಿಡುವಂತಿಲ್ಲ. ಬಿರುಕು ದಿನದಿಂದ ದಿನಕ್ಕೆ ದೊಡ್ಡದಾಗುವುದು ಎಲ್ಲರಿಗೂ ಕಾಣುತ್ತಿತ್ತು. ಒಬ್ಬ ಸೇನಾನಿ ಸತ್ತರೆ ಕಾವಲು ಸಡಿಲವಾಗುವಂಥ ಏರ್ಪಾಡು ಇದ್ದದ್ದೇ ತಪ್ಪು, ಆ ಏರ್ಪಾಡು ಒಬ್ಬ ಮೀರ್ ಸಾದಿಕನದಲ್ಲ.

ಇದೇ ಮುತ್ತಿಗೆಯಲ್ಲಿ ಎದುರಾಳಿಯ ಕಡೆಯೂ ಒಂದು ವೈಫಲ್ಯ ನಡೆಯಿತು, ಅದನ್ನು ಪಕ್ಕದಲ್ಲಿಟ್ಟು ನೋಡಿ. ಏಪ್ರಿಲ್ 5ರ ರಾತ್ರಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಸುಲ್ತಾನಪೇಟೆಯ ತೋಪಿನ ಮೇಲೆ ದಾಳಿ ಮಾಡಿದ. ಜಾಗ ನೋಡಿರಲಿಲ್ಲ. ಕತ್ತಲಲ್ಲಿ ಪಡೆ ದಿಕ್ಕು ತಪ್ಪಿತು, ಅವನ ಮಂಡಿಗೆ ಪೆಟ್ಟಾಯಿತು, ಸೆರೆಸಿಕ್ಕ ಅವನ ಸೈನಿಕರನ್ನು ಟಿಪ್ಪುವಿನ ಕಡೆಯವರು ಕೊಂದರು. ಮರುದಿನ ಬೆಳಿಗ್ಗೆ ದೊಡ್ಡ ಪಡೆ ತೆಗೆದುಕೊಂಡು ಹೋಗಿ ತೋಪನ್ನು ಹಿಡಿದ. ಗವರ್ನರ್ ಜನರಲ್ ಅವನ ಅಣ್ಣ. ಕೋಟೆ ಬಿದ್ದ ಮರುದಿನ, ದಾಳಿ ನಡೆಸಿ ಗೆದ್ದ ಬೇರ್ಡನನ್ನು ಬದಿಗಿಟ್ಟು ಶ್ರೀರಂಗಪಟ್ಟಣದ ಆಡಳಿತ ಕೊಟ್ಟದ್ದು ಇದೇ ವೆಲ್ಲೆಸ್ಲಿಗೆ. ಬೇರ್ಡ್ ಪ್ರತಿಭಟಿಸಿದ, ಫಲವಿಲ್ಲ. ಮನೆತನದ ಬಲ ಇದ್ದವನಿಗೆ ತಪ್ಪು ಅಂಟಲಿಲ್ಲ ಎನ್ನುವುದು ನಿಜ. ಆದರೆ ಹಗಲಿನಲ್ಲಿ ಜಾಗ ನೋಡಿಕೊಳ್ಳದೆ ರಾತ್ರಿ ದಾಳಿ ಮಾಡಬಾರದೆಂದು ಅವನು ಆಮೇಲೆ ಬರೆದಿಟ್ಟ. ತಪ್ಪಿನಿಂದ ಒಂದು ನಿಯಮವಾದರೂ ಹುಟ್ಟಿತು.

ನಿಮ್ಮೂರಿಗೆ ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಪಾಂಡವಪುರ ತಾಲ್ಲೂಕಿನ ಚಿನಕುರಳಿ. 1771ರ ಮಾರ್ಚಿನಲ್ಲಿ ಹೈದರಾಲಿ ಮೇಲುಕೋಟೆಯಿಂದ ರಾತ್ರಿಯೇ ಹಿಂದೆ ಸರಿಯುತ್ತಿದ್ದಾಗ, ಕತ್ತಲಲ್ಲಿ ಫಿರಂಗಿಯೊಂದು ಸಿಡಿದು ಮರಾಠರಿಗೆ ಸುಳಿವು ಸಿಕ್ಕಿತು, ಸೈನ್ಯ ಚೂರಾಯಿತು. ಆ ಗೊಂದಲದಲ್ಲಿ ಹೈದರಾಲಿ ಮಗ ಟಿಪ್ಪುವನ್ನೇ ಬೆತ್ತದಲ್ಲಿ ಹೊಡೆದ, ಟಿಪ್ಪು ಕತ್ತಿ ಕೆಳಗೆಸೆದ ಎಂದು ಮಾರ್ಕ್ ವಿಲ್ಕ್ಸ್ ತನ್ನ ಮೈಸೂರಿನ ಇತಿಹಾಸದಲ್ಲಿ ಬರೆದಿದ್ದಾನೆ. ಸೋತ ದೊರೆಯ ಸಿಟ್ಟು ಹತ್ತಿರ ಸಿಕ್ಕವನ ಮೇಲೆ ತಿರುಗಿತು.

ಶ್ರೀರಂಗಪಟ್ಟಣದ ಕತೆ ವೆಲ್ಲೂರಿಗೂ ಹೋಗುತ್ತದೆ. ಟಿಪ್ಪುವಿನ ಮಕ್ಕಳನ್ನು ಇಟ್ಟಿದ್ದು ಅಲ್ಲಿನ ಕೋಟೆಯಲ್ಲಿ. 1806ರ ಜುಲೈ 10ರ ನಸುಕಿನಲ್ಲಿ ಅಲ್ಲಿನ ಸಿಪಾಯಿಗಳು ದಂಗೆಯೆದ್ದರು, ನೂರಕ್ಕೂ ಹೆಚ್ಚು ಬ್ರಿಟಿಷರು ಸತ್ತರು. ಆರ್ಕಾಟಿನಿಂದ ಧಾವಿಸಿದ ಬ್ರಿಟಿಷ್ ಅಧಿಕಾರಿ ಗಿಲ್ಲೆಸ್ಪಿ ದಂಗೆಯನ್ನು ಅಡಗಿಸಿದ, ಸತ್ತ ಸಿಪಾಯಿಗಳು ಅದಕ್ಕಿಂತ ಹೆಚ್ಚು. ವಿಚಿತ್ರವೆಂದರೆ ಸುಳಿವು ಮೊದಲೇ ಬಂದಿತ್ತು. ಮುಸ್ತಫಾ ಬೇಗ್ ಎಂಬ ಸಿಪಾಯಿ ಮೇಲಧಿಕಾರಿಗೆ ಹೇಳಿದ್ದ. ಅವನ ಮಾತನ್ನು ತನಿಖೆಗೆ ಕೊಟ್ಟದ್ದು ಅದೇ ಪಡೆಯ ದೇಶೀಯ ಅಧಿಕಾರಿಗಳ ಕೈಗೆ. ಅವರು ಅವನೇ ಸುಳ್ಳುಗಾರ ಎಂದರು, ಅವನಿಗೇ ಬೇಡಿ ಬಿತ್ತು. ದಂಗೆಯ ನಂತರ ಅವನಿಗೆ ಬಹುಮಾನ ಬಂತು.

ದಂಗೆ ಅಡಗಿದ ಮೇಲೆ ಮದ್ರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಮತ್ತು ಸೇನಾಪತಿ ಜಾನ್ ಕ್ರಾಡಕ್ ಒಬ್ಬರ ಮೇಲೊಬ್ಬರು ಹೊರಿಸಿದರು. ಹಣೆಯ ನಾಮ ಅಳಿಸಿ, ಗಡ್ಡ ತೆಗೆಸಿ, ಹೊಸ ರುಮಾಲು ಕಟ್ಟಿಸುವ ಆದೇಶ ಸೇನೆಯದು, ಅದಕ್ಕೆ ಒಪ್ಪಿಗೆಯ ಮುದ್ರೆ ಸರ್ಕಾರದ್ದು. ಟಿಪ್ಪುವಿನ ಮಕ್ಕಳ ಪಿತೂರಿ ಎಂದವರೂ ಇದ್ದರು, ಆ ಮಕ್ಕಳನ್ನು ಕಲ್ಕತ್ತಾಕ್ಕೆ ಸಾಗಿಸಿದರು. ಕೊನೆಗೆ 1807ರಲ್ಲಿ ಬೆಂಟಿಂಕ್, ಕ್ರಾಡಕ್ ಇಬ್ಬರನ್ನೂ ಇಂಗ್ಲೆಂಡಿಗೆ ಕರೆಸಿಕೊಂಡರು. ಇಲ್ಲಿ ಹೊಣೆ ಮೇಲಿನವರ ತನಕ ಹೋಯಿತು, ಇದು ಅಪರೂಪ. ಆದರೆ ತನಗೆ ಅನ್ಯಾಯವಾಯಿತೆಂದು ಕಂಪನಿಗೆ ಮನವಿ ಬರೆದ ಅದೇ ಬೆಂಟಿಂಕ್ 1828ರಲ್ಲಿ ಗವರ್ನರ್ ಜನರಲ್ ಆಗಿ ಬಂದ. ನಗರ ಸೀಮೆಯ ರೈತರ ದಂಗೆಯ ನಂತರ, ಆಡಳಿತ ಕೆಟ್ಟಿದೆ ಎಂದು 1831ರಲ್ಲಿ ಮುಮ್ಮಡಿಯವರಿಂದ ರಾಜ್ಯದ ಅಧಿಕಾರ ಕಿತ್ತುಕೊಂಡವನೂ ಅವನೇ. ಒಂದು ದಂಗೆಗೆ ತಾನೇ ಹೊಣೆ ಹೊತ್ತು ಹೋಗಿದ್ದವನು ಇನ್ನೊಂದು ದಂಗೆಗೆ ಮತ್ತೊಬ್ಬನನ್ನು ಹೊಣೆ ಮಾಡಿದ. ಮೈಸೂರು ಒಡೆಯರ ಕೈಗೆ ಮರಳಿದ್ದು 1881ರಲ್ಲಿ, ಐವತ್ತು ವರ್ಷ ಕಳೆದು.

ಈಗಿನ ಮಾತು. 2024ರ ಸೆಪ್ಟೆಂಬರ್ 11ರಂದು ನಾಗಮಂಗಲದಲ್ಲಿ ಗಣಪತಿ ಮೆರವಣಿಗೆಯ ವೇಳೆ ಗಲಭೆಯಾಗಿ ಅಂಗಡಿಗಳು ಸುಟ್ಟವು, ಮೊದಲು ಅಮಾನತಾದದ್ದು ಠಾಣೆಯ ಇನ್ಸ್‌ಪೆಕ್ಟರ್. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಆರ್‌ಸಿಬಿ ಕ್ರಿಕೆಟ್ ತಂಡದ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಮಾರನೇ ದಿನವೇ ಪೊಲೀಸ್ ಕಮಿಷನರ್ ಬಿ. ದಯಾನಂದ ಸೇರಿ ಐವರು ಅಮಾನತು. ಜುಲೈ 1ರಂದು ಕೇಂದ್ರ ಆಡಳಿತ ನ್ಯಾಯಮಂಡಳಿ ಅವರಲ್ಲಿ ಒಬ್ಬ ಅಧಿಕಾರಿಯ ಅಮಾನತನ್ನು ರದ್ದು ಮಾಡಿತು. ಮೂರರಿಂದ ಐದು ಲಕ್ಷ ಜನ ಸೇರಲು ಮೇಲ್ನೋಟಕ್ಕೆ ಆರ್‌ಸಿಬಿಯೇ ಕಾರಣ, ಪೊಲೀಸರು ದೇವರೂ ಅಲ್ಲ ಜಾದೂಗಾರರೂ ಅಲ್ಲ ಎಂಬ ಅರ್ಥದ ಮಾತೂ ಆದೇಶದಲ್ಲಿತ್ತು. ಜುಲೈ ಮುಗಿಯುವ ಹೊತ್ತಿಗೆ ಸರ್ಕಾರವೇ ಉಳಿದವರ ಅಮಾನತನ್ನು ಹಿಂಪಡೆಯಿತು. ಈ ದುರಂತದ ವಿಚಾರಣೆಗೆ ನೇಮಿಸಿದ್ದ ನಿವೃತ್ತ ನ್ಯಾಯಮೂರ್ತಿ ಮೈಕೆಲ್ ಡಿ'ಕುನ್ಹಾ ಆಯೋಗದ ವರದಿ ಬಂದದ್ದೂ ಅದೇ ತಿಂಗಳು.

ಇಲ್ಲಿ ಎರಡು ವಿಷಯ ತಿಳಿದಿರಬೇಕು. ಅಮಾನತು ಶಿಕ್ಷೆಯಲ್ಲ. ವಿಚಾರಣೆ ನಡೆಯುವಾಗ ಅಧಿಕಾರಿಯನ್ನು ಕೆಲಸದಿಂದ ದೂರ ಇಡುವ ಕ್ರಮ, ಜೀವನಾಧಾರ ಭತ್ಯೆ ಸಿಗುತ್ತಿರುತ್ತದೆ. ಜನರ ಸಿಟ್ಟು ಇಳಿಯಲಿ ಎಂದೇ ಅದನ್ನು ಬಳಸಿದರೆ, ಸಿಟ್ಟು ಇಳಿದ ಮೇಲೆ ಅದೂ ಇಳಿಯುತ್ತದೆ. ಇನ್ನು 1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ ನೇಮಿಸಿದ ಆಯೋಗದ ವರದಿ ಕೋರ್ಟಿನ ತೀರ್ಪಲ್ಲ, ಶಿಫಾರಸು. ಆದರೆ ವರದಿ ಬಂದ ಆರು ತಿಂಗಳೊಳಗೆ, ಕೈಗೊಂಡ ಕ್ರಮದ ಟಿಪ್ಪಣಿಯ ಜೊತೆ ಅದನ್ನು ಶಾಸನಸಭೆಯ ಮುಂದಿಡಬೇಕು ಎಂದು ಕಾಯ್ದೆಯೇ ಹೇಳುತ್ತದೆ. ನಾಲ್ಕು ದಿನದ ಸುದ್ದಿಯಾಗುವ ಅಮಾನತಿಗಿಂತ ಆ ಟಿಪ್ಪಣಿ ಮುಖ್ಯ, ಅದನ್ನು ಓದುವವರು ಕಡಿಮೆ.

ಹಾಗಾದರೆ ನಾವು ಏನು ನೋಡಬೇಕು? ಭದ್ರತೆ ಕೈಕೊಟ್ಟಾಗ ಯಾರ ಹೆಸರು ಬಂತು ಎನ್ನುವುದಕ್ಕಿಂತ ಮುಂಚೆ ಮೂರು ಪ್ರಶ್ನೆ ಕೇಳಿ. ಸುಳಿವು ಮೊದಲೇ ಯಾರಿಗೆ ಬಂದಿತ್ತು, ಅದನ್ನು ಪಕ್ಕಕ್ಕಿಟ್ಟವರು ಯಾರು? ಆ ದಿನ ಬೇಡ ಎನ್ನುವ ಅಧಿಕಾರ ಯಾರ ಕೈಯಲ್ಲಿತ್ತು? ಆಮೇಲೆ ಯಾವ ನಿಯಮ ಬದಲಾಯಿತು? ಮೀರ್ ಸಾದಿಕನ ವಿಚಾರದಲ್ಲಿ ಈ ಮೂರನ್ನೂ ಯಾರೂ ಕೇಳಲಿಲ್ಲ, ಹಾಗಾಗಿ ಇನ್ನೂರು ವರ್ಷದಿಂದ ಒಂದೇ ಹೆಸರು ಹೇಳುತ್ತಿದ್ದೇವೆ. ಈಗಿನ ಪ್ರಕರಣಗಳಲ್ಲಿ ಕೇಳುವ ದಾರಿ ಇದೆ. ನಿಮ್ಮ ಶಾಸಕರನ್ನು ಕೇಳಿ, ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ವರದಿಯನ್ನು ಸದನದಲ್ಲಿ ಇಟ್ಟರೇ, ಕ್ರಮ ಕೈಗೊಂಡರೇ ಎಂದು ಒತ್ತಾಯಿಸಿ. ಉತ್ತರ ಕೊಡಬೇಕಾದವರು ಬದುಕಿರುವಾಗಲೇ ಕೇಳಿ.